ಏಳರ ಲೆಕ್ಕ: ದಿನಚರಿಯ ಪುಟಗಳು

ನವೆಂಬರ್ 24, 2024, ಭಾನುವಾರ

ಜಯನಗರದ ಜಾಮ್ ರೂಮಿಗೆ ಮಧ್ಯಾಹ್ನ ಊಟ ಮುಗಿಸಿ ಹೋದವರು ಬೀದಿದೀಪ ಹತ್ತಿದ ಮೇಲೆ ಹೊರಗೆ ಬಂದೆವು. ಅಷ್ಟು ಹೊತ್ತೂ ಒಂದೇ ಟ್ಯೂನ್. ಅದನ್ನು ತಂದವನು ಗಿಟಾರಿನ ಹುಡುಗ. ಬಲ್ಗೇರಿಯಾದ ರಚೆನಿತ್ಸ ಎಂಬ ಕುಣಿತದ ನಡೆಯ ಮೇಲೆ ಕಟ್ಟಿದ್ದಾನೆ. ಏಳು ಎಣಿಕೆ ಅಂದ ಕೂಡಲೇ ನನಗೆ ಮಿಶ್ರಛಾಪು ಕೇಳಿಸಿತು. ಮೃದಂಗದ ಮೇಲೆ ಕೈಯಿಟ್ಟರೆ ತಕಿಟ ತಕದಿಮಿ ತಾನಾಗಿಯೇ ಬಂತು. ಎರಡು ಆವರ್ತ ಮುಗಿಯುವುದರೊಳಗೆ ಡ್ರಮ್ಸ್ ಹುಡುಗನೂ ನಾನೂ ಒಬ್ಬರಿಗೊಬ್ಬರು ಅಡ್ಡ ಬರುತ್ತಿದ್ದೆವು.

ಲೆಕ್ಕ ಬರೆದಿಟ್ಟರೆ ಕಾರಣ ಕಾಣುತ್ತದೆ. ನಮ್ಮ ಮಿಶ್ರಛಾಪು ಮೂರು, ಎರಡು, ಎರಡು. ಒತ್ತು ಬೀಳುವುದು 1, 4 ಮತ್ತು 6ರ ಮೇಲೆ. ರಚೆನಿತ್ಸ ಎರಡು, ಎರಡು, ಮೂರು. ಅದರ ಒತ್ತು 1, 3, 5. ಇಬ್ಬರೂ ಸಮದಲ್ಲಿ ಮಾತ್ರ ಸೇರುತ್ತೇವೆ, ಮಿಕ್ಕ ದಾರಿಯುದ್ದಕ್ಕೂ ಬೇರೆ ಬೇರೆ. ಉದ್ದದ ಹೆಜ್ಜೆಯನ್ನು ನಾವು ಮೊದಲೇ ಇಡುತ್ತೇವೆ, ಅವರು ಕೊನೆಗೆ ಇಡುತ್ತಾರೆ.

ಬಾಸ್ ನುಡಿಸುವವಳು ಶಿಲ್ಲಾಂಗಿನ ಹುಡುಗಿ. ಅವಳು ಒಂದು ಉಪಾಯ ಹೇಳಿದಳು: ಇಬ್ಬರೂ ಏಳನ್ನೂ ಸಮನಾಗಿ ಬಾರಿಸಿ, ಒತ್ತು ಕೊಡಲೇಬೇಡಿ. ಹಾಗೇ ಮಾಡಿ ನೋಡಿದೆವು. ಅಡ್ಡ ಬರುವುದು ನಿಂತಿತು, ಆದರೆ ಕುಣಿತವೂ ಹೋಯಿತು, ಛಾಪುವೂ ಹೋಯಿತು. ಯಾವ ಊರಿನದೂ ಅಲ್ಲದ ಏಳು ಸದ್ದು ಉಳಿಯಿತು. ನನಗೆ ಅದು ಬೇಡವೇ ಬೇಡ. ಫ್ಯೂಷನ್ ಅಂತ ನಾನು ಕೇಳಿರುವುದರಲ್ಲಿ ಬಹಳಷ್ಟು ಹೀಗೇ ಇದೆ. ಯಾರಿಗೂ ತೊಂದರೆಯಾಗದ ಹಾಗೆ ಎಲ್ಲರ ಮೂಲೆಗಳನ್ನೂ ಉಜ್ಜಿ ಹಾಕಿರುತ್ತಾರೆ.

ಡಿಸೆಂಬರ್ 3, ಮಂಗಳವಾರ

ಇವತ್ತಿನ ಜಗಳ ತಾಳದ್ದಲ್ಲ, ಸ್ವರದ್ದು.

ಟ್ಯೂನಿನ ಸ್ವರಗಳು ನಮ್ಮ ಸಿಂಹೇಂದ್ರಮಧ್ಯಮವೇ. ಗಿಟಾರಿನವರು ಹಂಗೇರಿಯನ್ ಮೈನರ್ ಎನ್ನುತ್ತಾರೆ. ಸ್ಯಾಕ್ಸೊಫೋನಿನ ಅಣ್ಣ ಆಲಾಪನೆ ಹಿಡಿದು ಪಂಚಮದ ಹತ್ತಿರ ನಿಂತಿದ್ದರು. ಹಿಂದಿನಿಂದ ಕೀಬೋರ್ಡಿನವನು ನಾಲ್ಕನೇ ಮನೆಯ ಮೈನರ್ ಕಾರ್ಡ್ ಒತ್ತಿದ. ಅಣ್ಣ ಬಾಯಿಂದ ವಾದ್ಯ ತೆಗೆದು, "ಎಂತ ಮಾರಾಯ, ಶುದ್ಧ ಮಧ್ಯಮ ಬಂತಲ್ಲ! ಇದು ಕೀರವಾಣಿ ಆಯ್ತು" ಅಂದರು. ಅವನಿಗೆ ತಬ್ಬಿಬ್ಬು. ಮೈನರ್ ಹಾಡಿಗೆ ನಾಲ್ಕನೇ ಕಾರ್ಡ್ ಹಾಕುವುದು ಅವನು ಕಲಿತ ಸಂಗೀತದಲ್ಲಿ ತೀರಾ ಸಹಜ.

ಅಣ್ಣ ಹೇಳಿದ್ದು ಅಕ್ಷರಶಃ ಸರಿ. ಸಿಂಹೇಂದ್ರಮಧ್ಯಮ 57ನೇ ಮೇಳ, ಕೀರವಾಣಿ 21ನೆಯದು. ಎರಡಕ್ಕೂ ವ್ಯತ್ಯಾಸ ಮಧ್ಯಮದಲ್ಲಿ ಮಾತ್ರ. ಆ ಕಾರ್ಡಿನ ಬುಡದಲ್ಲೇ ಶುದ್ಧ ಮಧ್ಯಮ ಕೂತಿದೆ. ಕಾರ್ಡ್ ಬದಲಾದ ಕ್ಷಣ ರಾಗವೇ ಬದಲಾಗುತ್ತದೆ. ಗಮಕದ ಮಾತು ಬೇರೆಯೇ. ತೂಗುವ ಗಾಂಧಾರದ ಕೆಳಗೆ ಕೀಬೋರ್ಡು ನೆಟ್ಟಗೆ ನಿಂತ ಗಾಂಧಾರವನ್ನು ಒತ್ತಿ ಹಿಡಿದರೆ ಕಿವಿಗೆ ಎರಡೂ ಶ್ರುತಿ ತಪ್ಪಿದಂತೆ ಕೇಳುತ್ತವೆ, ತಪ್ಪು ಯಾರದೂ ಅಲ್ಲದಿದ್ದರೂ.

ಮನೆಗೆ ಬಂದು ಶಕ್ತಿ ತಂಡದ ಮೊದಲ ಆಲ್ಬಮ್ ಹಾಕಿ ಕೂತೆ. 1975ರಲ್ಲಿ ಅಮೆರಿಕದಲ್ಲಿ ಸಭಿಕರೆದುರು ಧ್ವನಿಮುದ್ರಣವಾದದ್ದು. ಜಾನ್ ಮೆಕ್‌ಲಾಫ್ಲಿನ್, ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್. ಎಷ್ಟೋ ವರ್ಷದಿಂದ ಕೇಳುತ್ತಿದ್ದರೂ ಇವತ್ತು ಗಮನಿಸಿದ್ದು ಅಲ್ಲಿ ಏನಿಲ್ಲ ಎನ್ನುವುದನ್ನು. ಕೀಬೋರ್ಡ್ ಇಲ್ಲ, ಬಾಸ್ ಇಲ್ಲ, ಡ್ರಮ್ ಕಿಟ್ ಇಲ್ಲ. ಅದಕ್ಕೆ ಸ್ವಲ್ಪವೇ ಹಿಂದೆ ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಸಭಾಂಗಣ ನಡುಗಿಸುತ್ತಿದ್ದ ಮನುಷ್ಯ ಇಲ್ಲಿ ಅಕೂಸ್ಟಿಕ್ ಗಿಟಾರ್ ಹಿಡಿದು ನೆಲದ ಮೇಲೆ ಕೂತಿದ್ದಾರೆ. ಅವರು ವೀಣೆ ಕಲಿತವರು. ಆ ಗಿಟಾರಿನ ಮೆಟ್ಟಿಲುಗಳ ನಡುವಿನ ಮರವನ್ನು ತೋಡಿಸಿ, ತಂತಿಯನ್ನು ಒತ್ತಿ ಗಮಕ ತೆಗೆಯುವ ಹಾಗೆ ಮಾಡಿಸಿಕೊಂಡರು. ಶ್ರುತಿಗೆ ಮಿಡಿಯುವ ಅಡ್ಡ ತಂತಿಗಳನ್ನೂ ಹಾಕಿಸಿದರು. ಮೊದಲು ವಾದ್ಯವನ್ನೇ ಬದಲಿಸಿ, ಆಮೇಲೆ ನುಡಿಸಿದವರು ಅವರು.

ನಮ್ಮಲ್ಲಿ ಬಾಸ್ ಇದೆ, ಕೀಬೋರ್ಡ್ ಇದೆ, ಅವುಗಳನ್ನು ನುಡಿಸುವ ಇಬ್ಬರು ಒಳ್ಳೆಯ ಸಂಗೀತಗಾರರಿದ್ದಾರೆ. ಅವರನ್ನು ಸುಮ್ಮನೆ ಕೂರಿಸಲಾಗದು. ನಾಳೆ ಹೇಳಬೇಕು: ಸ್ಯಾಕ್ಸೊಫೋನ್ ರಾಗದಲ್ಲಿರುವಷ್ಟು ಹೊತ್ತು ಕೀಬೋರ್ಡಿನ ಎಡಗೈಯಲ್ಲಿ ಷಡ್ಜ ಪಂಚಮ ಮಾತ್ರ. ಕಾರ್ಡುಗಳಿಗೆ ಬೇರೆ ಭಾಗ. ಅಲ್ಲಿ ಕೀರವಾಣಿಗೆ ಬೇಕೆಂದೇ ಹೋಗೋಣ, ಜಾರಿ ಬೀಳುವುದು ಬೇಡ.

ಡಿಸೆಂಬರ್ 16, ಸೋಮವಾರ

ಜಾಕಿರ್ ಭಾಯಿ ಇಲ್ಲ. ನಿನ್ನೆ ರಾತ್ರಿಯಿಂದ ಹೌದು, ಅಲ್ಲ ಎನ್ನುವ ಸುದ್ದಿಗಳು ಬರುತ್ತಿದ್ದವು. ಬೆಳಿಗ್ಗೆ ಖಚಿತವಾಯಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಶ್ವಾಸಕೋಶದ ಕಾಯಿಲೆ, 73 ವರ್ಷ. ಇದೇ ವರ್ಷದ ಫೆಬ್ರವರಿಯಲ್ಲಿ ಒಂದೇ ರಾತ್ರಿ ಮೂರು ಗ್ರ್ಯಾಮಿ ತೆಗೆದುಕೊಂಡವರು.

ಅಮ್ಮ ತಿಂಡಿಗೆ ಎರಡು ಸಲ ಕರೆದರು, ಆಮೇಲೆ ತಟ್ಟೆಯನ್ನು ಕೋಣೆಗೇ ತಂದಿಟ್ಟು ಹೋದರು.

2023ರ ಜನವರಿಯಲ್ಲಿ ಶಕ್ತಿ ತಂಡ ಐವತ್ತನೇ ವರ್ಷದ ಪ್ರವಾಸಕ್ಕೆ ಬೆಂಗಳೂರಿಗೆ ಬಂದಾಗ ಬಹಳ ಹಿಂದಿನ ಸಾಲಿನಲ್ಲಿ ನಿಂತು ಕೇಳಿದ್ದೆ. ಅವತ್ತು ನಾನು ನೋಡಿದ್ದು ಜಾಕಿರ್ ಅವರ ಬೆರಳಿನ ವೇಗವನ್ನಲ್ಲ. ಸೆಲ್ವಗಣೇಶ್ ಖಂಜಿರದಲ್ಲಿ ಲೆಕ್ಕ ಹೆಣೆಯುತ್ತಿದ್ದಾಗ ಜಾಕಿರ್ ಮುಖ ಅರಳಿ ಅದನ್ನು ಕೇಳುತ್ತಿದ್ದ ಬಗೆ. ಪಶ್ಚಿಮದ ಜತೆ ಬೆರೆತದ್ದನ್ನೇ ಎಲ್ಲರೂ ಬರೆಯುತ್ತಾರೆ. ನನ್ನಂಥ ಮೃದಂಗದವಳಿಗೆ ಶಕ್ತಿಯಲ್ಲಿ ದೊಡ್ಡದಾಗಿ ಕಾಣುವುದು ತಬಲವೂ ಘಟವೂ ಎದುರುಬದುರು ಕೂತದ್ದು. ಉತ್ತರದ ಮತ್ತು ದಕ್ಷಿಣದ ತಾಳಗಳು ಒಂದೇ ದೇಶದಲ್ಲಿದ್ದೂ ಒಂದೇ ಜಮಖಾನೆಯ ಮೇಲೆ ಕೂತದ್ದು ಕಡಿಮೆ. ಅವರ ತಂದೆ ಅಲ್ಲಾ ರಖಾ 1968ರಲ್ಲೇ ಜಾಜ್ ಡ್ರಮ್ಮರ್ ಬಡ್ಡಿ ರಿಚ್ ಜತೆ ಆಲ್ಬಮ್ ಮಾಡಿದ್ದರು. ಮಗ ಅದನ್ನು ಇಡೀ ಬದುಕಿಗೆ ವಿಸ್ತರಿಸಿದರು.

ಡ್ರಮ್ಸ್ ಹುಡುಗ ಫೋನ್ ಮಾಡಿದ. ಇಬ್ಬರೂ ಹೆಚ್ಚು ಮಾತಾಡಲಿಲ್ಲ. "ಅಕ್ಕ, ಇವತ್ತು ಪ್ರಾಕ್ಟೀಸ್ ಮಾಡೋಣ, ರಜಾ ಬೇಡ" ಅಂದ. ಹೋದೆವು.

ಡಿಸೆಂಬರ್ 22, ಭಾನುವಾರ

ಪ್ರಾಕ್ಟೀಸ್ ಆದ ಮೇಲೆ ಸ್ಯಾಕ್ಸೊಫೋನಿನ ಅಣ್ಣ ಟೀ ಅಂಗಡಿಯಲ್ಲಿ ಊರಿನ ಕಥೆ ಹೇಳಿದರು. ಬಂಟ್ವಾಳದ ಕಡೆಯವರು. ಅವರಿಗೆ ಸ್ಯಾಕ್ಸೊಫೋನ್ ಎಂದೂ ಪರದೇಶದ ವಾದ್ಯ ಆಗಿರಲೇ ಇಲ್ಲ. ಮದುವೆ ಮುಂಜಿಯಲ್ಲಿ, ದೇವಸ್ಥಾನದ ಉತ್ಸವದಲ್ಲಿ ನಾಗಸ್ವರದ ಜಾಗದಲ್ಲಿ ಅದನ್ನೇ ಕೇಳುತ್ತಾ ಬೆಳೆದವರು. "ನಮ್ಮಲ್ಲಿ ಧಾರೆಗೆ ಸ್ಯಾಕ್ಸೊಫೋನ್ ಉಂಟು ಮಾರಾಯ್ತಿ. ಜಾಜ್ ಅಂತ ಒಂದು ಉಂಟು, ಅದರಲ್ಲಿಯೂ ಇದೇ ವಾದ್ಯ ಅಂತ ನನಗೆ ಗೊತ್ತಾದದ್ದು ಬೆಂಗಳೂರಿಗೆ ಬಂದ ಮೇಲೆ."

ಇದೆಲ್ಲ ಕದ್ರಿ ಗೋಪಾಲನಾಥರ ಕೊಡುಗೆ. ಸಜಿಪಮೂಡದಲ್ಲಿ ನಾಗಸ್ವರದ ಮನೆತನದಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದವರು. ಗಮಕಕ್ಕೆ ಒಗ್ಗುವ ಹಾಗೆ ಅದರ ಕೀಲಿಗಳನ್ನು ಮಾರ್ಪಡಿಸಿಕೊಂಡರು. 1980ರ ಮುಂಬಯಿ ಜಾಜ್ ಯಾತ್ರಾದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಇವರನ್ನು ಕೇಳಿ ಜತೆಗೂಡಿ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. 2008ರಲ್ಲಿ ರುದ್ರೇಶ್ ಮಹಾಂತಪ್ಪ ಜತೆ 'ಕಿನ್ಸ್‌ಮೆನ್'.

ಆ ಆಲ್ಬಮನ್ನು ಅಣ್ಣನ ಫೋನಿನಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಇಯರ್‌ಫೋನ್ ಹಂಚಿಕೊಂಡು ಕೇಳಿದೆವು. ಇಬ್ಬರ ಕೈಯಲ್ಲೂ ಆಲ್ಟೊ ಸ್ಯಾಕ್ಸೊಫೋನ್. ಒಬ್ಬರು ಕರಾವಳಿಯಲ್ಲಿ ಕಲಿತವರು, ಇನ್ನೊಬ್ಬರು ಅಮೆರಿಕದ ಕೊಲರಾಡೊದಲ್ಲಿ ಬೆಳೆದು ಜಾಜ್ ಕಲಿತವರು. ಯಾರು ಎಲ್ಲಿ ನುಡಿಸುತ್ತಿದ್ದಾರೆ ಎಂದು ಎರಡು ಸ್ವರ ಕೇಳುವುದರೊಳಗೆ ಹೇಳಿಬಿಡಬಹುದು. ಹತ್ತಿರ ಬರುತ್ತಾರೆ, ಒಂದೇ ಸಾಲನ್ನು ಒಟ್ಟಿಗೆ ಓಡುತ್ತಾರೆ, ಆದರೆ ಒಬ್ಬರು ಇನ್ನೊಬ್ಬರ ಧ್ವನಿ ತೊಡುವುದಿಲ್ಲ. ನಮ್ಮ ಟ್ಯೂನಿಗೆ ಬೇಕಾದದ್ದು ಇದೇ ಎಂದು ಅಣ್ಣನಿಗೆ ಹೇಳಿದೆ. ಹೇಗೆ ಅಂತ ಕೇಳಿದರು. ಉತ್ತರ ಇನ್ನೂ ಸಿಕ್ಕಿಲ್ಲ.

ಜನವರಿ 4, 2025, ಶನಿವಾರ

ಕೀಬೋರ್ಡಿನವನು ಹೊಸ ವರ್ಷಕ್ಕೆ ಹೊಸ ಉತ್ಸಾಹದಿಂದ ಬಂದಿದ್ದ. ಟ್ಯೂನಿನ ನಡುಭಾಗಕ್ಕೆ ಕ್ಯೂಬಾದ ಕ್ಲಾವೆ ಸೇರಿಸೋಣ, ಅದಾದ ಮೇಲೆ ಮೊರೊಕ್ಕೊದ ಗ್ನಾವಾ ಬಾಸ್, ಕೊನೆಗೆ ನಮ್ಮ ಸಿದ್ದಿಗಳ ದಮಾಮಿ. ಎಂಟು ನಿಮಿಷದಲ್ಲಿ ಭೂಮಿ ಸುತ್ತಿ ಬರಬಹುದು ಅಂದ.

ಕ್ಲಾವೆ ನನಗೆ ಇಷ್ಟವೇ. ಅಲ್ಲೇ ಕೊನ್ನಕ್ಕೋಲಿನಲ್ಲಿ ಹೇಳಿ ತೋರಿಸಿದೆ: ತಕಿಟ ತಕಿಟ ತಕದಿಮಿ ತಕ ತಕದಿಮಿ. ಮೂರು, ಮೂರು, ನಾಲ್ಕು, ಎರಡು, ನಾಲ್ಕು, ಒಟ್ಟು ಹದಿನಾರು. ಚತುರಶ್ರ ನಡೆಯ ಆದಿತಾಳದ ಒಂದು ಆವರ್ತಕ್ಕೆ ಸರಿಯಾಗಿ ಎರಡು ಸಲ ಕೂರುತ್ತದೆ. ಬಾಸ್ ಹುಡುಗಿ ಚಪ್ಪಾಳೆಯಲ್ಲಿ ಹಿಡಿದಳು, ಎಲ್ಲರೂ ಸೇರಿಕೊಂಡರು, ತುಂಬ ಹೊತ್ತು ಅದನ್ನೇ ಹೇಳಿಕೊಂಡು ಕೂತೆವು. ಖುಷಿಯಾಯಿತು. ಆದರೆ ಈ ಟ್ಯೂನಿನ ಒಳಗೆ ಅದಕ್ಕೇನು ಕೆಲಸ? ಏಳರಲ್ಲಿ ನಡೆಯುತ್ತಿರುವುದನ್ನು ನಿಲ್ಲಿಸಿ, ಹದಿನಾರಕ್ಕೆ ಹಾರಿ, ಮತ್ತೆ ಏಳಕ್ಕೆ ಬರಬೇಕು.

ದಮಾಮಿಯ ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಮಾತಾಡಿದೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿಗಳು ಇದ್ದಾರೆ. ಆಫ್ರಿಕಾದಿಂದ ನೂರಾರು ವರ್ಷಗಳ ಹಿಂದೆ ಬಂದವರ ಮಕ್ಕಳು, ಮೊಮ್ಮಕ್ಕಳು. ದಮಾಮಿ ಅವರ ಚರ್ಮವಾದ್ಯ, ಅದರ ಜತೆ ಅವರ ಕುಣಿತ. ನಮ್ಮಲ್ಲಿ ಯಾರೂ ಅಲ್ಲಿಗೆ ಹೋಗಿಲ್ಲ, ಒಬ್ಬ ವಾದಕರ ಎದುರೂ ಕೂತಿಲ್ಲ. ಲ್ಯಾಪ್‌ಟಾಪಿನಲ್ಲಿ ಹದಿನೈದು ಸೆಕೆಂಡಿನ ತುಣುಕು ಕತ್ತರಿಸಿ ಕೊನೆಗೆ ಅಂಟಿಸಿದರೆ ಅದು ಗೌರವ ಅಲ್ಲ. ಹೋಗೋಣ, ಕೇಳೋಣ, ಅವರು ಇಷ್ಟಪಟ್ಟರೆ ಅವರ ಜತೆ ನುಡಿಸೋಣ, ವೇದಿಕೆಯ ಮೇಲೆ ಅವರೇ ಇರಲಿ, ಸಂಭಾವನೆಯಲ್ಲೂ ಸಮಪಾಲು. ಅದು ಬೇರೆ ಹಾಡು, ಬೇರೆ ವರ್ಷ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಾಗಾದ್ರೆ ಇದರಲ್ಲಿ ಎರಡೇ ಊರು" ಅಂದ. ಹೌದು, ಎರಡೇ ಊರು. ಅವೆರಡೇ ಇನ್ನೂ ಒಂದಕ್ಕೊಂದು ಪರಿಚಯವಾಗಿಲ್ಲ.

ಇನ್ನೊಂದು ತೊಡಕಿಗೆ ಪರಿಹಾರ ಸಿಕ್ಕಿದ್ದನ್ನು ಬರೆದಿಡಬೇಕು. ನಡುಭಾಗದಲ್ಲಿ ಬಾಸ್ ಬೇರೆ ಶ್ರುತಿಗೆ ಏರುತ್ತದೆ. ನನ್ನ ಮೃದಂಗದ ಬಲಗಡೆ ಷಡ್ಜಕ್ಕೆ ಕಟ್ಟಿರುವುದು. ಹಾಡಿನ ಷಡ್ಜ ಸರಿದರೆ ನನ್ನ ತೆರೆದ ಏಟೆಲ್ಲ ಅಪಸ್ವರ. ನಡುವೆ ಕಲ್ಲು, ಗೂಟ ಹಿಡಿದು ಶ್ರುತಿ ಮಾಡಲು ಸಮಯವಿಲ್ಲ. ಆ ಭಾಗಕ್ಕೆ ಖಂಜಿರ ಎತ್ತಿಕೊಂಡೆ. ಚರ್ಮಕ್ಕೆ ಎರಡು ಹನಿ ನೀರು ಸವರಿದರೆ ಗುಮ್ಕಿ ಕೆಳಗಿಳಿದು ಬಾಸಿನ ಜತೆ ಹೋಗುತ್ತದೆ, ಯಾವ ಶ್ರುತಿಗೂ ತಕರಾರಿಲ್ಲ.

ಜನವರಿ 14, ಮಂಗಳವಾರ, ಸಂಕ್ರಾಂತಿ

ಎಳ್ಳು ಬೀರಲು ನನ್ನ ಮೃದಂಗದ ಮೇಷ್ಟ್ರ ಮನೆಗೆ ಹೋದೆ. ಅಮ್ಮ ಕೊಟ್ಟ ಡಬ್ಬಿಯನ್ನು ಒಳಗೆ ಕೊಟ್ಟು ನಮಸ್ಕಾರ ಮಾಡಿದೆ. "ನಿಮ್ಮ ಬ್ಯಾಂಡು ಎಲ್ಲಿಗೆ ಬಂತಮ್ಮ?" ಎಂದು ಅವರೇ ಕೇಳಿದರು.

ಮೇಷ್ಟ್ರಿಗೆ ಫ್ಯೂಷನ್ ಹೊಸದೇನಲ್ಲ. ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಅನ್ನು ಟಿ.ಎ.ಎಸ್. ಮಣಿ ಅವರು ಕಟ್ಟಿದ್ದು 1964ರಲ್ಲಿ. ಅವರು, ಆರ್.ಎ. ರಮಾಮಣಿ ಮತ್ತು ಸಂಗಡಿಗರು ಬಾಸ್ಟನ್ನಿನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಜತೆ ಮಾಡಿದ 'ಜ್ಯೋತಿ' 1983ರ ಕೆಲಸ. ಮೇಷ್ಟ್ರ ಹತ್ತಿರ ಅದರ ಕ್ಯಾಸೆಟ್ ನಕಲು ಇವತ್ತಿಗೂ ಇದೆ. ಮರಿಯಾನೋ ನಮ್ಮ ಕಡೆಯ ನಾಗಸ್ವರವನ್ನೂ ಕಲಿತಿದ್ದರು ಎಂದು ಹೇಳುವಾಗ ಮೇಷ್ಟ್ರ ದನಿಯಲ್ಲಿ ಒಂದು ಅಭಿಮಾನ. ನಾನು ಹುಟ್ಟುವ ಎಷ್ಟೋ ಮೊದಲೇ ಈ ಊರಿನಲ್ಲಿ ಈ ಕೆಲಸ ನಡೆದಿದೆ. ನಮ್ಮ ತಂಡದ ಮಿಕ್ಕವರಿಗೆ ಇದು ಗೊತ್ತೇ ಇಲ್ಲ. ಅವರಿಗೆ ಕೇಳಿಸಬೇಕು.

ಏಳರ ಸಮಸ್ಯೆಯನ್ನು ಹೇಳಿದೆ. ಮೇಷ್ಟ್ರು ತೊಡೆಯ ಮೇಲೆ ಛಾಪು ಹಾಕುತ್ತಾ, "ಅವನು ಎಲ್ಲಿಂದ ಎತ್ತಿಕೊಳ್ತಾನೆ?" ಅಂದರು. ನನ್ನ ಸಮದಿಂದಲೇ ಅಂದೆ. "ಯಾಕೆ? ಅವನ ಸಮ ನಿನ್ನ ಸಮವೇ ಆಗಬೇಕು ಅಂತ ಯಾರು ಹೇಳಿದ್ದು? ಎಡುಪು ಬದಲಿಸಿ ನೋಡು. ನಾಲ್ಕರಿಂದ ಎತ್ತಿಕೊಳ್ಳಲಿ."

ಬೆರಳಿನ ಮೇಲೆ ಎಣಿಸಿದೆ. ನನ್ನ ನಾಲ್ಕು ಅವನ ಒಂದು. ಅಲ್ಲಿಂದ ಎರಡು, ಮತ್ತೆ ಎರಡು, ಆಮೇಲೆ ಮೂರು. ಅವನ ಒತ್ತು ಬೀಳುವುದು ನನ್ನ 4, 6, 1ರ ಮೇಲೆ. ನನ್ನ ಒತ್ತುಗಳೂ ಅವೇ! ಒಂದೇ ಒಂದು ಏಟೂ ಅಡ್ಡ ಬರುವುದಿಲ್ಲ. ಹೊರಗಿನವರಿಗೆ ಇಬ್ಬರ ಏಟೂ ಒಂದೇ. ಒಳಗೆ ನಾನು ಮಿಶ್ರಛಾಪಿನಲ್ಲೇ ಇದ್ದೇನೆ, ಅವನು ರಚೆನಿತ್ಸದಲ್ಲೇ ಇದ್ದಾನೆ. ಮೂರರ ಆ ಉದ್ದದ ಹೆಜ್ಜೆ ನನಗೆ ಹೊರಡುವ ಹೆಜ್ಜೆ, ಅವನಿಗೆ ಬಂದು ಸೇರುವ ಹೆಜ್ಜೆ.

ಮೇಷ್ಟ್ರು ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು, ಮುಕ್ತಾಯ ಹೇಗೆ ಮಾಡ್ತೀಯ ಅಂತ ಕೇಳಿದರು. ಅದು ನಿಜವಾದ ಪ್ರಶ್ನೆ. ಸಮ ಬೇರೆಯಾದರೆ ಮುಗಿಯುವುದು ಯಾರ ಸಮದಲ್ಲಿ?

ಜನವರಿ 19, ಭಾನುವಾರ

ಡ್ರಮ್ಸ್ ಹುಡುಗನಿಗೆ ಹೇಳಿದ ತಕ್ಷಣ ಹಿಡಿಯಲಿಲ್ಲ. ನನ್ನ 'ಒಂದು' ಕಿವಿಗೆ ಬಿದ್ದ ಕೂಡಲೇ ಅವನ ಕಾಲು ಬಾಸ್ ಡ್ರಮ್ಮನ್ನು ಒದೆಯುತ್ತದೆ. ಅದು ವರ್ಷಗಳ ಅಭ್ಯಾಸ. ಕೊನೆಗೆ ಬಾಸ್ ಹುಡುಗಿ ಅವನ ಪಕ್ಕದಲ್ಲೇ ನಿಂತು ಅವನ ಒಂದನ್ನು ನುಡಿಸಿದಳು, ಸ್ಯಾಕ್ಸೊಫೋನಿನ ಅಣ್ಣ ನನ್ನ ಪಕ್ಕ ಕೂತು ಕೈಯಲ್ಲಿ ತಾಳ ಹಾಕಿದರು. ಒಂದು ಗುಂಪು ಇಲ್ಲಿ, ಒಂದು ಗುಂಪು ಅಲ್ಲಿ. ಇದ್ದಕ್ಕಿದ್ದಂತೆ ಕೂತುಬಿಟ್ಟಿತು. ಆ ನಡೆ ಶುರುವಾದಾಗ ಗಿಟಾರಿನವನು ನುಡಿಸುವುದನ್ನೇ ನಿಲ್ಲಿಸಿ ನಮ್ಮಿಬ್ಬರ ಕಡೆ ತಿರುಗಿ ತಿರುಗಿ ನೋಡುತ್ತಿದ್ದ. ಎಷ್ಟು ಹೊತ್ತು ಬಾರಿಸಿದೆವೋ, ನಿಲ್ಲಿಸಲು ಮನಸ್ಸೇ ಬರಲಿಲ್ಲ.

ಮುಕ್ತಾಯಕ್ಕೂ ದಾರಿ ಸಿಕ್ಕಿತು. ತದಿಗಿಣತೊಂ, ಐದು ಅಕ್ಷರ. ಏಳು ಸಲ ಹೇಳಿದರೆ ಮೂವತ್ತೈದು, ಅಂದರೆ ಏಳರ ಐದು ಆವರ್ತ. ನಾನು ನನ್ನ ಒಂದರಿಂದ ಎತ್ತಿಕೊಳ್ಳುತ್ತೇನೆ, ಅವನು ಮೂರು ಎಣಿಕೆ ತಡೆದು ತನ್ನ ಒಂದರಿಂದ ಎತ್ತಿಕೊಳ್ಳುತ್ತಾನೆ. ಒಂದೇ ಮಾತನ್ನು ಅವನು ನನ್ನ ಹಿಂದೆ ಹಿಂದೆ ಹೇಳಿಕೊಂಡು ಬರುತ್ತಾನೆ. ನನ್ನ ಸಮ ಮೊದಲು ಬೀಳುತ್ತದೆ, ಅವನದು ಮೂರು ಎಣಿಕೆ ಆದ ಮೇಲೆ. ಆ ಮೂರು ಎಣಿಕೆ ಡ್ರಮ್ಸಿನ ಜತೆ ಸ್ಯಾಕ್ಸೊಫೋನ್ ಮಾತ್ರ ಪ್ರತಿಮಧ್ಯಮದಿಂದ ಪಂಚಮಕ್ಕೆ ಏರಬೇಕು. ಕೀಬೋರ್ಡಿನವನೇ ಮುಂದಾಗಿ ಹೇಳಿದ, ಅಲ್ಲಿ ನಾನು ಕೈ ಎತ್ತಿಬಿಡ್ತೀನಿ, ಒಂದು ಸ್ವರವೂ ಬೇಡ ಅಂತ. ಡಿಸೆಂಬರಿನಲ್ಲಿ ಅಣ್ಣನ ಹತ್ತಿರ ಬೈಸಿಕೊಂಡ ಹುಡುಗ! ಮನಸ್ಸು ತುಂಬಿ ಬಂತು.

ಫೆಬ್ರವರಿ 22, ಶನಿವಾರ

ಕಚೇರಿ ಆಯಿತು. ಚಿಕ್ಕ ಸಭಾಂಗಣ, ಕುರ್ಚಿಗಳು ತುಂಬಿದ್ದವು. ಮಧ್ಯಾಹ್ನವೇ ಹೋಗಿ ಎಡಗಡೆಗೆ ರವೆ ಕಲಸಿ ಹಚ್ಚಿ, ಶ್ರುತಿ ಕೂರಿಸಿಕೊಂಡೆ. ಏಸಿಯ ತಂಪಿಗೆ ಶ್ರುತಿ ಕದಲುತ್ತಿತ್ತು, ಮೊದಲೆರಡು ಹಾಡಿನ ನಡುವೆ ಕಲ್ಲು ಹಿಡಿಯಬೇಕಾಯಿತು.

ಏಳರ ಟ್ಯೂನ್ ಕೊನೆಯಲ್ಲಿತ್ತು. ಮುಕ್ತಾಯದಲ್ಲಿ ನನ್ನ ಸಮ ಬಿದ್ದಾಗ ಕೆಲವರು ಚಪ್ಪಾಳೆಗೆ ಕೈ ಎತ್ತಿದರು. ಅಣ್ಣನ ಸ್ವರ ಏರುತ್ತಿದ್ದಂತೆ ಆ ಕೈಗಳು ಹಾಗೇ ನಿಂತವು. ಡ್ರಮ್ಸಿನ ಸಮ ಬಿದ್ದ ಮೇಲೆ ಬಂದ ಚಪ್ಪಾಳೆ ಇದೆಯಲ್ಲ, ಅದನ್ನು ಬಹಳ ಕಾಲ ನೆನಪಿಟ್ಟುಕೊಳ್ಳುತ್ತೇನೆ.

ಮೇಷ್ಟ್ರು ಎರಡನೇ ಸಾಲಿನಲ್ಲಿ ಕೂತು ಕೇಳಿದರು. ಹೊರಗೆ ಬಂದಾಗ ಮೊದಲು ಹೇಳಿದ್ದು ನಡುಭಾಗ ಉದ್ದವಾಯಿತು, ಗಿಟಾರು ಒಂದು ಸುತ್ತು ಕಡಿಮೆ ನುಡಿಸಲಿ ಎಂದು. ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ಡ್ರಮ್ಸ್ ಹುಡುಗನನ್ನು ಕರೆದು, "ನಿನ್ನ ಏಳನ್ನು ನನಗೆ ಬಿಡಿಸಿ ತೋರಿಸಬೇಕಪ್ಪ. ಗುರುವಾರ ಮನೆಗೆ ಬಾ" ಅಂದರು. ಅವನು ಏನು ಹೇಳಬೇಕೋ ತೋಚದೆ ಬಗ್ಗಿ ಕಾಲು ಮುಟ್ಟಿದ.

ಫೆಬ್ರವರಿ 27, ಗುರುವಾರ

ನಿನ್ನೆ ಶಿವರಾತ್ರಿ. ಮೇಷ್ಟ್ರು ಜಾಗರಣೆಯ ಕಚೇರಿಯಲ್ಲಿ ಬೆಳಗಿನ ತನಕ ಬಾರಿಸಿ ಬಂದಿದ್ದರು. ಇವತ್ತು ಬೇಡವೇನೋ ಅಂದುಕೊಂಡು ಹೋದರೆ ಜಮಖಾನೆ ಹಾಸಿ ಸಿದ್ಧವಾಗಿದ್ದರು. ಹುಡುಗ ಡ್ರಮ್ ಕಡ್ಡಿಗಳನ್ನೂ ಒಂದು ರಬ್ಬರ್ ಪ್ಯಾಡನ್ನೂ ತಂದಿದ್ದ. ಎರಡು, ಎರಡು, ಮೂರು ಎಂದು ಬಾರಿಸಿ ತೋರಿಸಿದ. ಮೇಷ್ಟ್ರು ಅವನ ಎಣಿಕೆಯಲ್ಲೇ ತಾಳ ಹಾಕಿದರು, ನಮ್ಮ ಛಾಪಿಗೆ ತಿರುಗಿಸಿಕೊಳ್ಳಲಿಲ್ಲ. ಆಮೇಲೆ ತಿಶ್ರದಲ್ಲಿ ಹೇಳಿದರೆ ಈ ಕುಣಿತ ಹೇಗಾಗುತ್ತದೆ ಎಂದು ಕೇಳಿದರು. ಅವನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮೂವರೂ ಕೂತು ಬಾಯಲ್ಲಿ ಹೇಳುತ್ತಾ ಹುಡುಕಿದೆವು.

ಭಾನುವಾರ ಗಿಟಾರಿನವನಿಗೆ ಒಂದು ಸುತ್ತು ಕಡಿಮೆ ಮಾಡಲು ಹೇಳಬೇಕು. ಅಣ್ಣ ಊರಿಗೆ ಹೋಗುತ್ತಿದ್ದಾರೆ, ಮದುವೆ ಸೀಸನ್, ಮಾರ್ಚ್ ಪೂರ್ತಿ ಸಿಗುವುದು ಕಷ್ಟ. ಕೀಬೋರ್ಡಿನವನು ಯಲ್ಲಾಪುರಕ್ಕೆ ಹೋಗುವ ರಾತ್ರಿ ಬಸ್ಸಿನ ವೇಳೆ ಕಳಿಸಿದ್ದಾನೆ. ಮೊದಲು ಫೋನ್ ಮಾಡಿ, ಯಾವಾಗ ಬಂದರೆ ಅವರಿಗೆ ಅನುಕೂಲ ಅಂತ ಕೇಳು ಎಂದು ಉತ್ತರ ಬರೆದೆ.